ಒಂದು ಪಿಕಪ್ಪಿಗೆ ಎಷ್ಟು ಟನ್ ಕಬ್ಬು?

2005ರ ಮೇ ತಿಂಗಳಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂತು. ಶೋರೂಮ್ ಬೆಲೆ ಸುಮಾರು 2.25 ಲಕ್ಷ ರೂಪಾಯಿ. 2023ರ ಏಪ್ರಿಲ್‌ನಲ್ಲಿ ಮಹೀಂದ್ರಾದವರು ಬೊಲೆರೊ ಮ್ಯಾಕ್ಸ್ ಪಿಕಪ್ಪಿನ ಹೊಸ ಸಾಲು ಬಿಟ್ಟಾಗ ಅದರಲ್ಲಿ ಎಲ್ಲಕ್ಕಿಂತ ಅಗ್ಗದ್ದೇ 7.85 ಲಕ್ಷ, ತುಟ್ಟಿಯದು 10 ಲಕ್ಷದ ಮೇಲೆ. ಅದೂ ಬರೀ ಶೋರೂಮ್ ಬೆಲೆ. ಇನ್ಶೂರೆನ್ಸ್, ಟ್ಯಾಕ್ಸ್, ಪಾಸಿಂಗ್ ಎಲ್ಲ ಬೇರೆ. ಜಮಖಂಡಿಯಲ್ಲಾಗಲಿ ಮುಧೋಳದಲ್ಲಾಗಲಿ, ಬಾಡಿಗೆ ಗಾಡಿಗಳು ನಿಲ್ಲೋ ಕಡೆ ಹೋಗಿ ಕೇಳಿದರೆ ಸಿಗೋ ಮಾತು ಒಂದೇ: "ಹೊಸಾ ಗಾಡಿ ಈಗ ನಮ್ಮಂಥವ್ರಿಗೆ ಅಲ್ಲ ಬಿಡ್ರಿ."

ಈ ಮಾತು ಎಷ್ಟು ನಿಜ? ರೂಪಾಯಿಯಲ್ಲಿ ಅಳೆದರೆ ನಿಜವೇ. ಆದರೆ ಇಪ್ಪತ್ತು ವರ್ಷದಲ್ಲಿ ಚಹಾದ ಬೆಲೆಯೂ ಏರಿದೆ, ನಮ್ಮ ನಿಮ್ಮ ಸಂಬಳವೂ ಏರಿದೆ. ಹಾಗಾಗಿ ನಮ್ಮ ಕಡೆಯದೇ ಒಂದು ಅಳತೆಗೋಲು ತಗೊಳ್ಳೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ತಾಲ್ಲೂಕಿನಲ್ಲಿ ಮಗಳ ಮದುವೆಯಿಂದ ಮನೆಯ ಸ್ಲ್ಯಾಬಿನವರೆಗೆ ಎಲ್ಲ ಲೆಕ್ಕ ನಡೆಯೋದು ಕಬ್ಬಿನ ಬಿಲ್ಲಿನ ಮೇಲೆ. ಪಿಕಪ್ಪಿನ ಬೆಲೆಯನ್ನೂ ಕಬ್ಬಿನಲ್ಲೇ ತೂಗಿ ನೋಡೋಣ.

2005-06ಕ್ಕೆ ಕೇಂದ್ರ ಸರಕಾರ ಕಬ್ಬಿಗೆ ನಿಗದಿ ಮಾಡಿದ ಕನಿಷ್ಠ ಬೆಲೆ ಕ್ವಿಂಟಲ್‌ಗೆ 79.50 ರೂಪಾಯಿ, ಅಂದರೆ ಟನ್ನಿಗೆ 795. ಆ ಲೆಕ್ಕದಲ್ಲಿ 2.25 ಲಕ್ಷದ ಏಸ್ ಅಂದರೆ 283 ಟನ್ ಕಬ್ಬು. ಎಕರೆಗೆ 40 ಟನ್ ಹಿಡಿದರೆ ಏಳು ಎಕರೆಯ ಬೆಳೆ. 2023-24ರಲ್ಲಿ ಎಫ್‌ಆರ್‌ಪಿ ಟನ್ನಿಗೆ 3,150. ಆಗ 7.85 ಲಕ್ಷದ ಬೊಲೆರೊ ಪಿಕಪ್ಪಿಗೆ 249 ಟನ್, ಅಂದರೆ ಆರು ಎಕರೆ ಚಿಲ್ಲರೆ. ಅದೂ ಏಸ್‌ಗಿಂತ ದೊಡ್ಡ ಗಾಡಿ. ಇನ್ನು 2025ರ ಜೂನ್‌ನಲ್ಲಿ ಟಾಟಾದವರು ಏಸ್ ಪ್ರೊ ಅಂತ ಬಿಟ್ಟರು. ಹೊರೋ ಭಾರ ಹಳೆಯ ಏಸ್‌ನಷ್ಟೇ, 750 ಕೆ.ಜಿ., ಬೆಲೆ 3.99 ಲಕ್ಷದಿಂದ ಶುರು. 2025-26ರ ಎಫ್‌ಆರ್‌ಪಿ ಟನ್ನಿಗೆ 3,550. ಭಾಗಿಸಿ ನೋಡಿ: 112 ಟನ್. ಮೂರು ಎಕರೆಯೂ ಬೇಡ.

ಈ ಲೆಕ್ಕದಲ್ಲಿ ಎರಡು ಸಣ್ಣ ತಿದ್ದುಪಡಿ ಮಾಡಿಕೊಳ್ಳಬೇಕು. ಆಗಿನ ಬೆಲೆ 9% ಸಕ್ಕರೆ ಇಳುವರಿಗೆ, ಈಗಿನದು 10.25%ಗೆ, ಅದನ್ನು ಹೊಂದಿಸಿದರೆ 2005ರ 283 ಟನ್ ಅನ್ನೋದು 250ರ ಹತ್ತಿರ ಇಳಿಯುತ್ತೆ. ಇನ್ನೊಂದು, ಎಫ್‌ಆರ್‌ಪಿಯಲ್ಲಿ ಕಟಾವು ಮತ್ತು ಸಾಗಣೆ ಖರ್ಚೂ ಸೇರಿರುತ್ತೆ, ಹಾಗಾಗಿ ಅಷ್ಟೂ ದುಡ್ಡು ರೈತನ ಕೈಗೆ ಬರಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಯ ರೈತರು ಬೆಲೆಗಾಗಿ ರಸ್ತೆಗೆ ಇಳಿದಿದ್ದು ನೆನಪಿರಬಹುದು. ಇಷ್ಟೆಲ್ಲ ಕಳೆದರೂ ಒಟ್ಟು ಚಿತ್ರ ಬದಲಾಗಲ್ಲ. ಕಬ್ಬಿನಲ್ಲಿ ತೂಗಿದರೆ ಸಣ್ಣ ಗಾಡಿ ಇಪ್ಪತ್ತು ವರ್ಷದಲ್ಲಿ ಅಗ್ಗವಾಗಿದೆ, ದೊಡ್ಡ ಪಿಕಪ್ ಹೆಚ್ಚೂಕಡಿಮೆ ಹಳೆಯ ಏಸ್‌ನ ಬೆಲೆಗೇ ಸಿಗ್ತಿದೆ.

ಹಾಗಾದರೆ ಗಾಡಿ ಹತ್ತಿರ ನಿಂತವರು ಸುಳ್ಳು ಹೇಳ್ತಿದ್ದಾರಾ? ಇಲ್ಲ. ಕಬ್ಬು ಬೆಳೆಯೋನ ಲೆಕ್ಕ ಬೇರೆ, ಸ್ಟೇರಿಂಗ್ ಹಿಡಿಯೋನ ಲೆಕ್ಕ ಬೇರೆ. ಅವನ ಹತ್ತಿರ ತೂಗೋಕೆ ಕಬ್ಬಿಲ್ಲ. ಇರೋದು ದಿನದ ಬಾಡಿಗೆ. ಅವನ ಮಟ್ಟಿಗೆ ಏನು ತುಟ್ಟಿಯಾಯ್ತು ಅಂತ ತಿಳಿಯಬೇಕಾದರೆ ಗಾಡಿ ಕೊಳ್ಳೋಕೆ ಒಂದೊಂದು ಕಾಲದಲ್ಲಿ ಏನೇನು ಬೇಕಿತ್ತು ಅನ್ನೋದನ್ನ ನೋಡಬೇಕು.

ನಾಲ್ಕು ಊರು, ನಾಲ್ಕು ಸರಕಾರ

ಇವತ್ತು ಬೈಕಿನಲ್ಲಿ ಒಂದೇ ದಿನಕ್ಕೆ ಸುತ್ತಿ ಬರಬಹುದಾದ ಈ ನಾಲ್ಕು ಊರು 1948ರವರೆಗೆ ನಾಲ್ಕು ಬೇರೆ ಬೇರೆ ಆಡಳಿತದಲ್ಲಿದ್ದವು. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. 1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಯ್ತು. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ವಿಜಾಪುರ ಒಡೆದು ಬಾಗಲಕೋಟೆ ಜಿಲ್ಲೆ ಆಯ್ತು.

ಸರಕಾರ ಬದಲಾದರೂ ಒಂದು ಸಂಗತಿ ಬದಲಾಗಲಿಲ್ಲ. ಈ ನೆಲಕ್ಕೆ ರೈಲು ಬರಲಿಲ್ಲ. ಗದಗ-ಹೋಟಗಿ ಹಳಿ ಪೂರ್ವದಲ್ಲಿ ಬಾಗಲಕೋಟೆ ಮೇಲೆ ಹಾದು ಹೋಯ್ತು. ಮೀರಜ್-ಲೋಂಡಾ ಹಳಿ ಪಶ್ಚಿಮದಲ್ಲಿ ಕುಡಚಿ ಮೇಲೆ ಹೋಯ್ತು. ನಡುವಿನ ಜಮಖಂಡಿ, ಬನಹಟ್ಟಿ, ಮುಧೋಳಕ್ಕೆ ಉಳಿದದ್ದು ರಸ್ತೆ ಒಂದೇ. ಬಾಗಲಕೋಟೆ-ಕುಡಚಿ ಮಾರ್ಗಕ್ಕೆ 2010ರಲ್ಲಿ ಒಪ್ಪಿಗೆ ಸಿಕ್ಕಿತು, ಅದು ಇನ್ನೂ ಪೂರ್ತಿ ಆಗಿಲ್ಲ. ನೇಕಾರನಿಗೆ ನೂಲು ಬರಬೇಕಾದರೂ, ನೇಯ್ದ ಸೀರೆ ಪೇಟೆಗೆ ಹೋಗಬೇಕಾದರೂ, ಮಹಾಲಿಂಗಪುರದ ಪೇಟೆಗೆ ಬೆಲ್ಲ ಮುಟ್ಟಬೇಕಾದರೂ ಯಾವುದೋ ಗಾಲಿ ರಸ್ತೆ ಮೇಲೆ ಉರುಳಲೇಬೇಕು. ನಮ್ಮ ಕಡೆ ಸಾಗಣೆ ಗಾಡಿಗೆ ಇಷ್ಟು ಮಹತ್ವ ಬಂದದ್ದು ಇದರಿಂದ.

ಮೊದಲಿನ ಗಾಲಿ ಚಕ್ಕಡಿಯದು. ಅದಕ್ಕೂ ದುಡ್ಡು ಬೇಕಿತ್ತು, ಒಳ್ಳೆ ಕಿಲಾರಿ ಜೋಡಿ ಎಂದೂ ಅಗ್ಗ ಇರಲಿಲ್ಲ. ಆದರೆ ಅದರ ಖರ್ಚಿನ ಸ್ವರೂಪ ಬೇರೆ. ಎತ್ತಿನ ಮೇವು ಹೊಲದಲ್ಲೇ ಬೆಳೀತಿತ್ತು. ಗಾಲಿ ಸಡಿಲಾದರೆ ಊರ ಬಡಿಗ, ಪಟ್ಟಿ ಸವೆದರೆ ಊರ ಕಂಬಾರ. ಅವರಿಗೆ ಸುಗ್ಗಿಯಲ್ಲಿ ಆಯದ ಜೋಳ. ಮಳೆ ಕೈಕೊಟ್ಟ ವರ್ಷ ಚಕ್ಕಡಿ ಸುಮ್ಮನೆ ನಿಂತರೂ ತಿಂಗಳ ಐದನೇ ತಾರೀಕಿಗೆ ಯಾರೂ ಬಾಗಿಲು ಬಡೀತಿರಲಿಲ್ಲ.

ದುಡ್ಡಿದ್ದರೂ ಸಿಗದ ಕಾಲ

ಮೋಟಾರು ಬಂದಾಗ ಅದರ ಜೊತೆ ಕಾಗದವೂ ಬಂತು. 1939ರ ಮೋಟಾರು ವಾಹನ ಕಾಯ್ದೆ ಪ್ರಕಾರ ಬಾಡಿಗೆಗೆ ಸರಕು ಹೊರೋ ಗಾಡಿಗೆ ಸಾರಿಗೆ ಪ್ರಾಧಿಕಾರದ ಪರ್ಮಿಟ್ ಬೇಕು. ಪರ್ಮಿಟ್ ಸಿಗೋದು ಕಚೇರಿ ಗೊತ್ತಿದ್ದವರಿಗೆ, ಅರ್ಜಿ ಹಿಂದೆ ಓಡಾಡೋ ತಾಕತ್ತಿದ್ದವರಿಗೆ. ಹಳ್ಳಿಯ ಕಡೆ ಲಾರಿ ಇಟ್ಟವರು ಅಂದರೆ ಅಡತಿ ಅಂಗಡಿಯವರು, ದೊಡ್ಡ ಜಮೀನುದಾರರು. ಓಡಿಸೋನು ಒಬ್ಬ, ಮಾಲಕ ಇನ್ನೊಬ್ಬ. ಡ್ರೈವರ್ ತಾನೇ ಮಾಲಕ ಆಗೋದು ಬಹಳ ಅಪರೂಪ.

ಗಾಡಿಗಳೂ ಕೈಬೆರಳಲ್ಲಿ ಎಣಿಸೋಷ್ಟು. ಮಹೀಂದ್ರಾದವರು 1947ರಲ್ಲಿ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸೋಕೆ ಶುರು ಮಾಡಿದರು. ಪುಣೆಯ ಬಜಾಜ್ ಟೆಂಪೊ ಕಂಪನಿ ಜರ್ಮನಿಯ ಟೆಂಪೊ ಜೊತೆ ಸೇರಿ 1958ರ ಹೊತ್ತಿಗೆ ಮೂರು ಗಾಲಿಯ ಸರಕು ಗಾಡಿ ತಂತು, 1969ರಲ್ಲಿ ಮಟಾಡೋರ್ ತಂತು. ಈ ಹೆಸರುಗಳು ನಮ್ಮ ಬಾಯಲ್ಲಿ ಎಷ್ಟು ಕೂತುಬಿಟ್ಟವೆಂದರೆ ಇವತ್ತಿಗೂ ಹಳಬರು ಯಾವ ಕಂಪನಿಯ ಸಣ್ಣ ಗಾಡಿ ಕಂಡರೂ "ಟೆಂಪೊ ಬಂತು" ಅಂತಾರೆ.

ಆಗಿನ ಬೆಲೆಪಟ್ಟಿ ನೋಡಿ "ಎಷ್ಟು ಅಗ್ಗ ಇತ್ತು" ಅಂತ ನಿಟ್ಟುಸಿರು ಬಿಡೋದು ಸುಲಭ. ಯಾವ ಗಾಡಿ ಮಾಡಬೇಕು, ಎಷ್ಟು ಮಾಡಬೇಕು ಅನ್ನೋದಕ್ಕೂ ಕಂಪನಿಗಳು ದಿಲ್ಲಿಯ ಲೈಸೆನ್ಸ್ ಕೇಳಬೇಕಿದ್ದ ಕಾಲ ಅದು. ಬೇಡಿಕೆ ಜಾಸ್ತಿ, ಗಾಡಿ ಕಡಿಮೆ. ಬುಕ್ ಮಾಡಿ ಕಾಯಬೇಕು. ನಿಜವಾದ ಬೆಲೆ ಕಾಯೋದರಲ್ಲಿ, ಪರ್ಮಿಟ್ಟಿನ ಓಡಾಟದಲ್ಲಿ, ಆ ಓಡಾಟಕ್ಕೆ ಕೆಳಗಿನಿಂದ ಕೊಡೋದರಲ್ಲಿ ಅಡಗಿತ್ತು. ಸಾಲದ ಕಥೆಯೂ ಹಾಗೇ. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣ ಆದರೂ ಜಮೀನಿಲ್ಲದ ಡ್ರೈವರ್‌ನನ್ನ ನಂಬಿ ಗಾಡಿಗೆ ಸಾಲ ಕೊಡೋ ಬ್ಯಾಂಕ್ ಸುಲಭಕ್ಕೆ ಸಿಗ್ತಿರಲಿಲ್ಲ. 1979ರಲ್ಲಿ ಮದ್ರಾಸಿನಲ್ಲಿ ಶುರುವಾದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಹಳೇ ಲಾರಿಗೂ ಸಾಲ ಕೊಟ್ಟು ಬೆಳೆದದ್ದು ಈ ಕಂದಕದಲ್ಲೇ.

ಬಿಗಿ ಸಡಿಲಾದದ್ದು ಎಂಬತ್ತರ ದಶಕದಲ್ಲಿ. ಜಪಾನಿನ ಕಂಪನಿಗಳ ಜೊತೆ ಸೇರಿ ಡಿಸಿಎಂ ಟೊಯೋಟಾ, ಆಲ್ವಿನ್ ನಿಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಶಿ ಬಂದವು. ಅವಕ್ಕೆ ಉತ್ತರವಾಗಿ 1986ರಲ್ಲಿ ಟಾಟಾ 407 ಬಂತು. ಲಾರಿಗಿಂತ ಸಣ್ಣದು, ಟೆಂಪೊಗಿಂತ ಗಟ್ಟಿ.

1989: ಒಂದು ಬ್ಯಾರೇಜು, ಒಂದು ಕಾಯ್ದೆ

ನಮ್ಮ ಭಾಗದ ಮಟ್ಟಿಗೆ 1989 ದೊಡ್ಡ ವರ್ಷ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಹತ್ತಿರ ರೈತರು ತಾವೇ ದುಡ್ಡು ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಹೆಸರು ಶ್ರಮಬಿಂದು ಸಾಗರ. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಆಮೇಲೆ ಎಲ್ಲರ ಬಾಯಲ್ಲಿ "ಬ್ಯಾರೇಜ್ ಸಿದ್ದು". 1991ರ ಲೋಕಸಭಾ ಚುನಾವಣೆಯಲ್ಲಿ ಅವರು ರಾಮಕೃಷ್ಣ ಹೆಗಡೆಯವರನ್ನ ಸೋಲಿಸಿದ್ದು ಗೊತ್ತಿರೋ ಸಂಗತಿ. ಬ್ಯಾರೇಜಿನ ಕಥೆ ಹೇಳುವಾಗ ಅಲ್ಲಿಗೆ ನಿಲ್ಲಿಸೋದು ರೂಢಿ. ಆದರೆ ಬೇಸಿಗೆಯಲ್ಲೂ ನೀರು ನಿಂತರೆ ಮುಂದೆ ಏನಾಗುತ್ತೆ? ಜೋಳದ ಹೊಲಕ್ಕೆ ಕಬ್ಬು, ಬಾಳೆ, ಅರಿಸಿನ, ಕಾಯಿಪಲ್ಲೆ ಬರುತ್ತೆ. ಜೋಳವನ್ನ ಹಗೇವಿನಲ್ಲಿ ಇಟ್ಟು ವರ್ಷಪೂರ್ತಿ ಉಣ್ಣಬಹುದು. ಕಾಯಿಪಲ್ಲೆ ಮರುದಿನ ಬೆಳಗಿನ ಜಾವ ಪೇಟೆಯಲ್ಲಿ ಇರಲೇಬೇಕು. ನೀರು ಬಂದಲ್ಲಿಗೆ ಅದರ ಹಿಂದೆಯೇ ಗಾಡಿಯೂ ಬರಬೇಕು.

ಅದೇ ವರ್ಷ ಜುಲೈ 1ರಿಂದ 1988ರ ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂತು. ಅದರ 66ನೇ ಕಲಮಿನಲ್ಲಿ ಒಂದು ಸಣ್ಣ ವಿನಾಯಿತಿ ಇದೆ. ಸರಕು ತುಂಬಿದ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ. ಒಂದೇ ಸಾಲು, ಆದರೆ ಅದರ ಪರಿಣಾಮ ದೊಡ್ಡದು. ಮೂರು ಟನ್ನಿನ ಕೆಳಗೆ ಒಂದು ಗಾಡಿ ಮಾಡಿದರೆ ಅದನ್ನ ಕೊಳ್ಳೋನು ಆರ್‌ಟಿಓ ಕಚೇರಿಯಲ್ಲಿ ಪರ್ಮಿಟ್ಟಿಗೆ ಅಲೆಯಬೇಕಿಲ್ಲ. ಬಾಗಿಲು ತೆರೆದಿತ್ತು, ಆ ಬಾಗಿಲಲ್ಲಿ ಒಳಗೆ ಹೋಗೋವಷ್ಟು ಅಗ್ಗದ ಗಾಡಿ ಮಾತ್ರ ಇರಲಿಲ್ಲ.

ಆನೆಮರಿಯ ಕಾಲ

ಆ ಗಾಡಿ ಬರೋಕೆ 16 ವರ್ಷ ಬೇಕಾಯ್ತು. ಟಾಟಾದ ಎಂಜಿನಿಯರುಗಳು ಮೂರು ಗಾಲಿ ಗಾಡಿಯವರನ್ನ ಮಾತಾಡಿಸಿದಾಗ ಅವರಿಗೆ ಸಿಕ್ಕ ಉತ್ತರಗಳಲ್ಲಿ ಮರ್ಯಾದೆಯ ಮಾತೂ ಇತ್ತು ಅಂತ ಆ ಯೋಜನೆಯ ಬಗ್ಗೆ ಬಂದ ಬರಹಗಳಲ್ಲಿ ಓದಬಹುದು. ನಾಲ್ಕು ಗಾಲಿ ಇದ್ದರೆ ಊರಲ್ಲಿ ತೂಕ ಹೆಚ್ಚು, ಹೆಣ್ಣು ಕೊಡೋರೂ ಮುಂದೆ ಬರ್ತಾರೆ. 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, 16 ಎಚ್‌ಪಿ, ತುಂಬಿದ ತೂಕ ಒಂದೂವರೆ ಟನ್ನಿನ ಆಸುಪಾಸು. 3,000 ಕೆ.ಜಿ. ಗೆರೆಯ ಅರ್ಧಕ್ಕೇ ನಿಂತಿತು. ಹಿಂದಿ ಸೀಮೆಯಲ್ಲಿ ಅದನ್ನ ಛೋಟಾ ಹಾಥಿ ಅಂದರು, ಹೆಸರು ನಮ್ಮ ಕಡೆಗೂ ಹಬ್ಬಿತು. 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಬಂತು, 2015ರಲ್ಲಿ ಮಹೀಂದ್ರಾ ಜೀತೊ ಬಂತು. ಬೊಲೆರೊ ಪಿಕಪ್ ಹೊಲದ ಕೆಸರಿನಲ್ಲೂ ನಡೆಯುತ್ತೆ ಅನ್ನೋ ಹೆಸರು ಮಾಡಿತು.

ಈ ಹತ್ತು-ಹನ್ನೆರಡು ವರ್ಷ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಒಂದು ಹೊಸ ಜಾತಿಯ ಮನುಷ್ಯ ಹುಟ್ಟಿದ. ಡ್ರೈವರೂ ಅವನೇ, ಮಾಲಕನೂ ಅವನೇ, ಹಮಾಲಿಯೂ ಅವನೇ. ಬೆಳಗ್ಗೆ ಹಾಲಿನ ಕ್ಯಾನು, ಆಮೇಲೆ ಬನಹಟ್ಟಿಯ ನೇಕಾರರಿಗೆ ನೂಲಿನ ಗಂಟು, ಮಧ್ಯಾಹ್ನ ಸಿಮೆಂಟು, ಸಂಜೆ ಕಾಯಿಪಲ್ಲೆ, ಲಗ್ನದ ಸೀಜನ್ನಿಗೆ ಪಾತ್ರೆ-ಶಾಮಿಯಾನ, ಜಾತ್ರೆಗೆ ನಾಟಕದ ಸಾಮಾನು. ಆಲಮಟ್ಟಿ ಹಿನ್ನೀರಿಗೆ ಬೀಳಗಿ ತಾಲ್ಲೂಕಿನ ಊರುಗಳು ಮುಳುಗಿ ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದ ಮೇಲೆ ಹೊಲ ಒಂದು ಕಡೆ, ಮನೆ ಒಂದು ಕಡೆ ಆದವರಿಗೂ ಗಾಡಿ ಬೇಕಾಯ್ತು. ಕೆಎ-48 ಅಂತ ಬರೆದ ಜಮಖಂಡಿಯ ನಂಬರ್ ಪ್ಲೇಟು ಬೆಳಗಾವಿ, ಇಚಲಕರಂಜಿ ರಸ್ತೆಗಳಲ್ಲಿ ಕಾಣೋದು ಸಹಜವಾಯ್ತು.

ಎಂಜಿನ್ ಬಿಚ್ಚೋಕೆ ಊರ ಮಿಸ್ತ್ರಿ ಸಾಕಿತ್ತು. ಪಾನಾ, ಸ್ಕ್ರೂಡ್ರೈವರ್, ಒಂದು ಡಬ್ಬಿ ಡೀಸೆಲ್. ಬಡಿಗ-ಕಂಬಾರರ ಜಾಗಕ್ಕೆ ಮಿಸ್ತ್ರಿ ಬಂದಿದ್ದ, ಅಷ್ಟೇ ವ್ಯತ್ಯಾಸ.

ಹೊಗೆಯ ಬೆಲೆ

ಮುಂದಿನ ತಿರುವು ಬಂದದ್ದು ಸುಪ್ರೀಂ ಕೋರ್ಟಿನಿಂದ. 2017ರ ಮಾರ್ಚ್ 29ರಂದು ಕೋರ್ಟು, ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರೋ ಹಾಗಿಲ್ಲ ಅಂತ ಹೇಳಿತು. 2018ರ ಅಕ್ಟೋಬರ್‌ನಲ್ಲಿ ಇನ್ನೊಂದು ಆದೇಶ: 2020ರ ಏಪ್ರಿಲ್ 1ರಿಂದ ಬಿಎಸ್-4 ಕೂಡ ಬಂದ್. ನಡುವಿನ ಬಿಎಸ್-5 ಹಾರಿ ದೇಶ ನೇರವಾಗಿ ಬಿಎಸ್-6ಕ್ಕೆ ಹೋಯ್ತು. ಇಂಧನದಲ್ಲಿನ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು.

ಇದನ್ನ ಬರೀ ಬೈಯೋದು ತಪ್ಪು. ಡೀಸೆಲ್ ಹೊಗೆಯ ಸಣ್ಣ ಕಣ ಶ್ವಾಸಕೋಶದ ಆಳಕ್ಕೆ ಇಳಿಯುತ್ತೆ. ದಿನಪೂರ್ತಿ ಎಂಜಿನ್ ಪಕ್ಕ ಕೂರೋನೂ ಆ ಡ್ರೈವರೇ, ಬಸ್ ಸ್ಟ್ಯಾಂಡಿನಲ್ಲಿ ನಿಂತ ಅವನ ಮಕ್ಕಳೂ ಅದೇ ಗಾಳಿ ಕುಡಿಯೋದು. ಕಾನೂನು ಬೇಕಿತ್ತು. ಆದರೆ ಅದರ ಬಿಲ್ಲು ಯಾರ ಹೆಸರಿಗೆ ಬಂತು ಅನ್ನೋದೂ ಅಷ್ಟೇ ಮುಖ್ಯ. ಹೊಗೆಯ ಕಣ ಹಿಡಿಯೋ ಫಿಲ್ಟರು, ಪ್ಲಾಟಿನಂ-ಪಲ್ಲೇಡಿಯಂ ಬಳಸೋ ಕ್ಯಾಟಲಿಸ್ಟು, ಸೆನ್ಸರುಗಳು, ಅವನ್ನೆಲ್ಲ ನಡೆಸೋ ಕಂಪ್ಯೂಟರು. 20 ಲಕ್ಷದ ಕಾರಿಗೆ ಇದೊಂದು ಸಣ್ಣ ಭಾಗ. ಐದಾರು ಲಕ್ಷದ ಗಾಡಿಗೆ ಇದೇ ದೊಡ್ಡ ಭಾಗ. ಸಣ್ಣ ಡೀಸೆಲ್ ಎಂಜಿನ್ನಿನ ಲೆಕ್ಕ ಕೂಡದೆ ಬಿಎಸ್-6 ಬಂದಮೇಲೆ ಏಸ್ ಪೆಟ್ರೋಲಿನಲ್ಲೂ ಬರತೊಡಗಿತು. ಅದರ ಬೆನ್ನಿಗೇ ಕೋವಿಡ್, ಉಕ್ಕಿನ ಬೆಲೆ ಏರಿಕೆ, 2021ರ ಚಿಪ್ ಕೊರತೆ. 2023ರ ಏಪ್ರಿಲ್‌ಗೆ ಬಿಎಸ್-6ರ ಎರಡನೇ ಹಂತ. ಕಂಪನಿಗಳು ವರ್ಷಕ್ಕೆ ಒಂದೆರಡು ಸಲ ಬೆಲೆ ಏರಿಸೋದು ಮಾಮೂಲಾಯ್ತು.

ಬೆಲೆಗಿಂತ ಹೆಚ್ಚು ಪೆಟ್ಟು ಕೊಟ್ಟದ್ದು ರಿಪೇರಿ. ಕಣ ಹಿಡಿಯೋ ಫಿಲ್ಟರು ತನ್ನಷ್ಟಕ್ಕೆ ತಾನೇ ಸುಟ್ಟು ಸ್ವಚ್ಛವಾಗಬೇಕಾದರೆ ಎಂಜಿನ್ ಬಿಸಿಯಾಗಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಹೊಲದಿಂದ ಊರಿಗೆ, ಊರಿಂದ ಡೇರಿಗೆ ಅಂತ ಎರಡೆರಡು ಕಿಲೋಮೀಟರ್ ಓಡಾಡೋ ಗಾಡಿಗೆ ಆ ಅವಕಾಶವೇ ಕಡಿಮೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿತು ಅಂದರೆ ಊರ ಮಿಸ್ತ್ರಿ ಕೈ ಚೆಲ್ತಾನೆ. ಸ್ಕ್ಯಾನರ್ ಇದ್ದ ಕಡೆಗೆ ಹೋಗಬೇಕು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ, ಗಾಡಿಗೆ ಹೊಸ ಡಿಪೆಂಡೆನ್ಸಿಗಳು ಸೇರಿಕೊಂಡವು, ಅವುಗಳ ಸಪೋರ್ಟ್ ಮಾತ್ರ ತಾಲ್ಲೂಕು ಊರಿನ ಆಚೆ ಇದೆ. ಗಾಡಿ ಸರ್ವೀಸಿಗೆ ಹೋಗಿ ಎರಡು ದಿನ ನಿಂತರೆ ಎರಡು ದಿನದ ಬಾಡಿಗೆ ಹೋಯ್ತು. ಈ ನಷ್ಟ ಯಾವ ಬೆಲೆಪಟ್ಟಿಯಲ್ಲೂ ಬರಲ್ಲ.

ದಿನಕ್ಕೆ ಎಷ್ಟು?

ಈಗ ಸ್ಟೇರಿಂಗ್ ಹಿಡಿದವನ ಲೆಕ್ಕಕ್ಕೆ ಬರೋಣ. ಹೋಲಿಕೆ ಸುಲಭ ಆಗಲಿ ಅಂತ ಎರಡೂ ಕಾಲಕ್ಕೆ ಒಂದೇ ಬಡ್ಡಿ ಹಿಡಿಯುತ್ತೇನೆ: 11%, ಐದು ವರ್ಷ, ತಿಂಗಳಿಗೆ 25 ದಿನ ದುಡಿಮೆ.

ಏಸ್‌ಗೆ 2 ಲಕ್ಷ ಸಾಲ ಮಾಡಿದ್ದರೆ ಕಂತು 4,348 ರೂಪಾಯಿ; ದಿನಕ್ಕೆ 174. ಇವತ್ತು ಪಿಕಪ್ಪಿಗೆ 8 ಲಕ್ಷ ಸಾಲ ಮಾಡಿದರೆ ಕಂತು 17,394, ದಿನಕ್ಕೆ 696. ಐದು ವರ್ಷದಲ್ಲಿ ಬರೀ ಬಡ್ಡಿಯೇ 2.43 ಲಕ್ಷ, ಅಂದರೆ 2005ರ ಒಂದು ಏಸ್‌ಗಿಂತ ಹೆಚ್ಚು. ಇದಕ್ಕೆ ಥರ್ಡ್ ಪಾರ್ಟಿ ವಿಮೆ ಸೇರಿಸಿ. 2022ರ ದರದಂತೆ ನಿಮ್ಮ 1,200 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಸಣ್ಣ ಸರಕು ಗಾಡಿಗೆ 16,049. ದಿನಕ್ಕೆ 53 ಬಿತ್ತು. ಡೀಸೆಲ್ ಲೀಟರಿಗೆ 91, ಲೀಟರಿಗೆ 12 ಕಿಲೋಮೀಟರ್, ದಿನಕ್ಕೆ 100 ಕಿಲೋಮೀಟರ್ ಹಿಡಿದರೆ 758. ಕೂಡಿಸಿ: 1,507. ಟಾಯರು, ಆಯಿಲ್ಲು, ರಿಪೇರಿ, ಅವನ ಸ್ವಂತ ಕೂಲಿ ಯಾವುದೂ ಇನ್ನೂ ಬಂದಿಲ್ಲ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ನಾಲ್ಕು ಜನರ ಕೂಲಿಯಷ್ಟು ದುಡ್ಡು ಮೊದಲು ಹೊರಗೆ ಹೋದಮೇಲೆ ಅವನ ದಿನ ಶುರು.

ಹಾಗಾದರೆ ಸಣ್ಣ ಏಸ್ ಪ್ರೊ ಯಾಕೆ ಕೊಳ್ಳಲ್ಲ? ಯಾಕೆಂದರೆ ಮುಕ್ಕಾಲು ಟನ್ನಿನ ಬಾಡಿಗೆಗೆ ಈಗ ಊರ ತುಂಬ ಗಾಡಿ. 2005ರಲ್ಲಿ ಊರಿಗೊಂದು ಏಸ್ ಇದ್ದಾಗ ಅದಕ್ಕೆ ದರ ಹೇಳೋ ತಾಕತ್ತಿತ್ತು. ಈಗ ಗಿರಾಕಿ ಫೋನ್ ತೆಗೆದು ನಾಲ್ಕು ಜನರನ್ನ ಕೇಳ್ತಾನೆ. ಕಾಯಿಪಲ್ಲೆ ವ್ಯಾಪಾರಿಗೆ ಒಂದೂವರೆ, ಎರಡು ಟನ್ ಒಂದೇ ಸಲ ಹೋದರೆ ಲಾಭ. ಹಾಗಾಗಿ ಗಾಡಿ ದೊಡ್ಡದಾಗ್ತಾ ಹೋಯ್ತು, ಸಾಲವೂ ಅದರ ಜೊತೆ ದೊಡ್ಡದಾಯ್ತು. ಕಬ್ಬಿನ ಲೆಕ್ಕದಲ್ಲಿ ಅಗ್ಗ ಅನಿಸಿದ ಗಾಡಿ ಬಾಡಿಗೆಯ ಲೆಕ್ಕದಲ್ಲಿ ತುಟ್ಟಿಯಾದದ್ದು ಇಲ್ಲಿ. ಅಂದಹಾಗೆ ಕಬ್ಬು ಸ್ವತಃ ಪಿಕಪ್ಪಿನಲ್ಲಿ ಹೋಗಲ್ಲ. ಅದು ಟ್ರ್ಯಾಕ್ಟರ್-ಟ್ರೇಲರಿನ ಸರಕು. ಸೀಜನ್ನಿನಲ್ಲಿ ಊರಿಗೆ ಬರೋ ದೊಡ್ಡ ದುಡ್ಡು ಈತನನ್ನ ಮುಟ್ಟೋದು ಬಳಸು ದಾರಿಯಲ್ಲಿ.

ತೆರಿಗೆಯಲ್ಲೂ ಒಂದು ಸೂಕ್ಷ್ಮ ಇದೆ. 2017ರ ಜುಲೈಯಿಂದ ಸರಕು ಗಾಡಿಗೆ 28% ಜಿಎಸ್‌ಟಿ. ಹಳೇ ಎಕ್ಸೈಸ್ ಮತ್ತು ವ್ಯಾಟ್ ಕೂಡಿಸಿದರೂ ಸುಮಾರು ಅಷ್ಟೇ ಆಗ್ತಿತ್ತು. ಆದರೆ ಜಿಎಸ್‌ಟಿ ನೋಂದಣಿ ಇರೋ ವ್ಯಾಪಾರಿ ತನ್ನ ಮಾಲು ಸಾಗಿಸೋಕೆ ಪಿಕಪ್ ಕೊಂಡರೆ ಕಟ್ಟಿದ ತೆರಿಗೆಯನ್ನ ಇನ್‌ಪುಟ್ ಕ್ರೆಡಿಟ್ ಅಂತ ಹಿಂದೆ ಪಡೀತಾನೆ. ಒಂದೇ ಗಾಡಿಯ ಬಾಡಿಗೆಯವನಿಗೆ ನೋಂದಣಿ ಇಲ್ಲ, ಕ್ರೆಡಿಟ್ಟೂ ಇಲ್ಲ. ಒಂದೇ ಶೋರೂಮು, ಒಂದೇ ಗಾಡಿ, ದೊಡ್ಡವನಿಗೆ ಅಗ್ಗ, ಸಣ್ಣವನಿಗೆ ತುಟ್ಟಿ.

ಕಂತಿನ ಒತ್ತಡ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಬೆಳಗ್ಗೆ ಏಳು ಗಂಟೆಗೆ ನಮ್ಮ ಯಾವ ರಸ್ತೆಯಲ್ಲಾದರೂ ನೋಡಬಹುದು. ಪಿಕಪ್ಪಿನ ಹಿಂದೆ ಇಪ್ಪತ್ತು-ಇಪ್ಪತ್ತೈದು ಹೆಣ್ಣುಮಕ್ಕಳು ನಿಂತುಕೊಂಡು ಕಳೆ ತೆಗೆಯೋಕೆ ಹೋಗ್ತಿರ್ತಾರೆ. ಸರಕಿಗಿಂತ ಜನ ತುಂಬಿದರೆ ದಿನದ ಬಾಡಿಗೆ ಖಾತ್ರಿ. ಆದರೆ ಸರಕು ಗಾಡಿಯಲ್ಲಿ ಹೀಗೆ ಜನರನ್ನ ಕೂರಿಸಿಕೊಂಡು ಹೋಗಿ ಅಪಘಾತವಾದರೆ ಪರಿಹಾರ ವಿಮಾ ಕಂಪನಿಯ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟು ಎರಡು ದಶಕದ ಹಿಂದೆಯೇ ಹೇಳಿದೆ. ಹೊಣೆ ಮಾಲಕನದು. ಅವನ ಹತ್ತಿರ ಇರೋದು ಕಂತು ಬಾಕಿ ಇರೋ ಗಾಡಿ.

ಈಗಿನ ಪರ್ಮಿಟ್ ಯಾರ ಕೈಲಿ?

2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಯ ಜಿಎಸ್‌ಟಿ 28ರಿಂದ 18%ಗೆ ಇಳಿದಿದೆ. ತೆರಿಗೆ ಬಿಟ್ಟು 7 ಲಕ್ಷ ಬೆಲೆಯ ಪಿಕಪ್ಪು ಮೊದಲು 8.96 ಲಕ್ಷ ಆಗ್ತಿತ್ತು, ಈಗ 8.26. ಎಪ್ಪತ್ತು ಸಾವಿರ ಉಳಿತಾಯ. ಕಂತಿನಲ್ಲಿ ದಿನಕ್ಕೆ ಸುಮಾರು 60 ರೂಪಾಯಿ. ಒಳ್ಳೆಯದೇ ಆಯ್ತು, ಆದರೆ 1,507ರ ಮುಂದೆ 60 ಅಷ್ಟೇ.

ಇನ್ನೊಂದು ಕಡೆ ದೊಡ್ಡ ದುಡ್ಡು ಬರೋ ಸೂಚನೆ ಇದೆ. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನ 524.256 ಮೀಟರಿಗೆ ಏರಿಸೋ ಯೋಜನೆಯಲ್ಲಿ ಮುಳುಗೋ ಜಮೀನಿಗೆ ನೀರಾವರಿ ಇದ್ದರೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ಕೊಡೋದಾಗಿ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿದೆ. ಬೀಳಗಿ, ಜಮಖಂಡಿ ಕಡೆ ಆ ದುಡ್ಡು ಬಂದ ದಿನ ಶೋರೂಮಿನವರು ಊರೂರಿಗೆ ಬರ್ತಾರೆ, ಅದರಲ್ಲಿ ಅನುಮಾನ ಬೇಡ. ಜಮೀನು ಕೊಟ್ಟು ಗಾಡಿ ತಗೊಂಡವನ ಗಾಡಿಗೆ ಹತ್ತು ವರ್ಷದ ಮೇಲೆ ಗುಜರಿ ಬೆಲೆ. ಅಷ್ಟು ಹೊತ್ತಿಗೆ ಜಮೀನು ನೀರಿನ ಕೆಳಗೆ.

ಬೆಂಗಳೂರು, ಪುಣೆಯಲ್ಲಿ ಕೂತ ನಮ್ಮನ್ನೂ ಈ ಇತಿಹಾಸ ಬಿಟ್ಟಿಲ್ಲ. "ಅಣ್ಣಾ, ಪಿಕಪ್ ತಗೋಬೇಕಂತ ಮಾಡೇನಿ, ಡೌನ್ ಪೇಮೆಂಟಿಗೆ ಎರಡ ಲಕ್ಷ ಕಡಿಮಿ ಬೀಳಾಕತ್ತೈತಿ" ಅಂತ ತಮ್ಮನದೋ, ಕಾಕಾನ ಮಗನದೋ ಫೋನು ನಿಮ್ಮಲ್ಲಿ ಅನೇಕರಿಗೆ ಬಂದಿರುತ್ತೆ. ಕೆಲವರು ಜಾಮೀನಿಗೆ ಸಹಿಯನ್ನೂ ಹಾಕಿರ್ತೀರಿ. 1939ರ ಕಾಯ್ದೆಯ ಕಾಲದಲ್ಲಿ ಯಾರು ಗಾಡಿ ಇಡಬೇಕು ಅಂತ ಸಾರಿಗೆ ಕಚೇರಿ ತೀರ್ಮಾನಿಸ್ತಿತ್ತು. 1989ರಲ್ಲಿ ಆ ಪರ್ಮಿಟ್ ಹೋಯ್ತು. ಈಗ ಅದೇ ತೀರ್ಮಾನ ಮಾಡೋದು ಸಿಬಿಲ್ ಸ್ಕೋರು, ಮುಂಗಡದ ದುಡ್ಡು, ಪಗಾರದ ಸ್ಲಿಪ್ ಇರೋ ಒಬ್ಬ ಜಾಮೀನುದಾರ. ಅಂದರೆ ಒಂದು ಲೆಕ್ಕಕ್ಕೆ ನೀವೇ.

ಹಾಗಾಗಿ ಸಹಿ ಹಾಕೋ ಮುಂಚೆ ಬೆಲೆಯ ಬಗ್ಗೆ ಚೌಕಾಶಿ ಮಾಡೋದಕ್ಕಿಂತ ಮೂರು ಮಾತು ಕೇಳೋದು ಒಳ್ಳೆಯದು. ಒಂದು, ದಿನಾ ಹೇರೋಕೆ ಏನಿದೆ? ಡೇರಿಯೋ, ನೂಲಿನ ವ್ಯಾಪಾರಿಯೋ, ಯಾರದಾದರೂ ತಿಂಗಳ ಖಾಯಂ ಬಾಡಿಗೆ ಇದ್ದರೆ 696ರ ಕಂತು ಭಾರವಲ್ಲ. "ನಿಂತ್ರ ಬಾಡಿಗಿ ಸಿಗತೈತಿ" ಅನ್ನೋದಾದರೆ ಭಾರ. ಎರಡು, ದೀಪ ಹತ್ತಿದರೆ ಹತ್ತಿರದ ಸ್ಕ್ಯಾನರ್ ಎಷ್ಟು ದೂರ? ಮೂರು, ಒಳ್ಳೆ ಸ್ಥಿತಿಯ ಹಳೇ ಬಿಎಸ್-4 ಗಾಡಿ ತಗೊಂಡು ಎರಡು ವರ್ಷ ದುಡಿದು, ಗಿರಾಕಿ ಕೂಡಿಸಿ, ಆಮೇಲೆ ಹೊಸದಕ್ಕೆ ಹೋಗಬಹುದಾ? 15 ವರ್ಷ ದಾಟಿದ ಗಾಡಿಯ ಫಿಟ್‌ನೆಸ್ ಶುಲ್ಕ 2022ರ ಏಪ್ರಿಲ್‌ನಿಂದ ಏರಿದೆ, ಹಾಗಾಗಿ ತೀರಾ ಹಳೇದು ಬೇಡ.

ಈ ಮೂರಕ್ಕೂ ಉತ್ತರ ಸರಿ ಬಂದರೆ ಖುಷಿಯಿಂದ ದುಡ್ಡು ಕೊಡಿ. ಕುಡಚಿಯ ರೈಲು ಬರೋತನಕ, ಬಂದಮೇಲೂ, ಚಿಕ್ಕಪಡಸಲಗಿಯ ನೀರಿನಲ್ಲಿ ಬೆಳೆದ ಬದನೆಕಾಯಿ ಪೇಟೆ ಮುಟ್ಟಬೇಕಾದರೆ ಯಾರಾದರೂ ಒಬ್ಬ ಬೆಳಗಿನ ಮೂರು ಗಂಟೆಗೆ ಎದ್ದು ಗಾಡಿ ಚಾಲೂ ಮಾಡಲೇಬೇಕು.